ಹಳೆ ಪಾಸ್‌ಪೋರ್ಟ್ ರದ್ದಿ ಅಲ್ಲ, ಅದರೊಳಗೆ ವೀಸಾ ಉಂಟು

ಸಂಪಾದಕರಿಗೆ ನಮಸ್ಕಾರ.

ಪಾಸ್‌ಪೋರ್ಟ್ ಕಳೆದುಹೋದರೆ ಏನು ಮಾಡಬೇಕು ಅಂತ ನಮ್ಮ ಜಿಲ್ಲೆಯಲ್ಲಿ ಹೆಚ್ಚಿನವರಿಗೆ ಅಷ್ಟೋ ಇಷ್ಟೋ ಗೊತ್ತು. ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಮನೆ ಉಡುಪಿ, ಮಂಗಳೂರು ಕಡೆ ಕಡಿಮೆ. ಯಾರನ್ನಾದರೂ ಕೇಳಿದರೆ ಪೊಲೀಸ್ ಕಂಪ್ಲೇಂಟ್ ಕೊಡಿ, ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಅಂತ ಹೇಳುತ್ತಾರೆ. ಆದರೆ ಪಾಸ್‌ಪೋರ್ಟ್ ಕೈಯಲ್ಲೇ ಇದ್ದು ವೀಸಾ ಮಾತ್ರ ಹೋದರೆ? ಅದು ಹೇಗೆ ಸಾಧ್ಯ ಅಂತ ಒಂದು ವರ್ಷದ ಹಿಂದೆ ನನ್ನನ್ನು ಕೇಳಿದ್ದರೆ ನನಗೂ ಉತ್ತರ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲೇ ಆಯಿತು. ಆಮೇಲೆ ಐದು ತಿಂಗಳು ಓಡಾಡಿದೆವು. ಇನ್ನೊಬ್ಬರಿಗೆ ಆ ಓಡಾಟ ಬೇಡ ಅಂತ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿಸದೆ ಹಾಕಿ.

ನನ್ನ ಅಕ್ಕನಿಗೆ 61 ವರ್ಷ. ಬಾವ ತೀರಿಕೊಂಡ ಮೇಲೆ ಇಲ್ಲಿ ಅಂಬಲಪಾಡಿಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಅವಳ ಚಿಕ್ಕ ಮಗಳು ಅಮೆರಿಕದಲ್ಲಿ. 2019ರಲ್ಲಿ ಅಕ್ಕ ಒಮ್ಮೆ ಹೋಗಿ ಬಂದಿದ್ದಳು, ಆಗ 10 ವರ್ಷದ ವಿಸಿಟರ್ ವೀಸಾ ಸಿಕ್ಕಿತ್ತು, ಅಂದರೆ 2029ರವರೆಗೆ. 2024ರಲ್ಲಿ ಪಾಸ್‌ಪೋರ್ಟಿನ ಅವಧಿ ಮುಗಿಯಿತು. ಹೊಸದು ಮಾಡಿಸಿದೆವು. ಸೇವಾ ಕೇಂದ್ರದಲ್ಲಿ ಹಳೆಯದರ ಮೂಲೆ ಕತ್ತರಿಸಿ, ರದ್ದು ಅಂತ ಮುದ್ರೆ ಹೊಡೆದು ವಾಪಸ್ ಕೊಟ್ಟರು.

ಇಲ್ಲೇ ನಮ್ಮ ಜನ ಎಡವುವುದು. ಮೂಲೆ ಕತ್ತರಿಸಿದ ಪುಸ್ತಕ ನೋಡಿದ ಕೂಡಲೇ ಇದರ ಕೆಲಸ ಮುಗಿಯಿತು ಅನಿಸುತ್ತದೆ. ಮುಗಿದಿಲ್ಲ. ಪಾಸ್‌ಪೋರ್ಟ್ ಸತ್ತಿದೆ, ಒಳಗಿನ ವೀಸಾ ಜೀವಂತ ಇದೆ. ಅಮೆರಿಕದ ವೀಸಾಕ್ಕೆ ಅದರದ್ದೇ ಆದ ಅವಧಿ ಇರುತ್ತದೆ. ಹಳೆ ಪಾಸ್‌ಪೋರ್ಟಿನಲ್ಲಿರುವ ವೀಸಾ ಹಾಳಾಗದೆ ಇದ್ದರೆ ಹಳೆಯದು, ಹೊಸದು ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಪ್ರಯಾಣ ಮಾಡಬಹುದು. ಎಷ್ಟೋ ಜನ ಎರಡಕ್ಕೂ ರಬ್ಬರ್ ಬ್ಯಾಂಡ್ ಹಾಕಿ ಹಾಗೆಯೇ ಹೋಗಿ ಬರುತ್ತಾರೆ. ಕೆಲವರು ಆ ಪುಟವನ್ನು ಕಿತ್ತು ಹೊಸದಕ್ಕೆ ಅಂಟಿಸಿಕೊಳ್ಳಬಹುದಾ ಅಂತ ಕೇಳುತ್ತಾರೆ. ಖಂಡಿತ ಮಾಡಬೇಡಿ. ಕಿತ್ತ ಕೂಡಲೇ ಆ ವೀಸಾ ಕೆಲಸಕ್ಕೆ ಬರುವುದಿಲ್ಲ.

ಕಳೆದ ವರ್ಷ ಮಗಳು ಬಸುರಿ ಅಂತ ಗೊತ್ತಾಯಿತು, ನವರಾತ್ರಿ ಹೊತ್ತಿಗೆ ಹೆರಿಗೆ. ಬಾಣಂತನಕ್ಕೆ ಅಕ್ಕ ಹೋಗುವುದು ಅಂತ ಮಾತಾಯಿತು. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಅವಳು ಬೆಂಗಳೂರಿಗೆ ದೊಡ್ಡ ಮಗಳ ಮನೆಗೆ ಹೋಗಿದ್ದಳು. ಅಲ್ಲಿಯೇ ಟಿಕೆಟ್ ಏಜೆಂಟರಿಗೆ ಎರಡೂ ಪಾಸ್‌ಪೋರ್ಟ್ ತೋರಿಸಿ, ಇನ್ಶೂರೆನ್ಸ್ ಮಾಡಿಸಿ, ರಾತ್ರಿ ಬಸ್ಸಿನಲ್ಲಿ ಹೊರಟಳು. ಹೊಸ ಪಾಸ್‌ಪೋರ್ಟ್ ಅವಳ ಪರ್ಸಿನಲ್ಲಿತ್ತು, ಪರ್ಸ್ ಮಡಿಲಲ್ಲಿ. ಹಳೆಯದು ಒಂದು ಪ್ಲಾಸ್ಟಿಕ್ ಫೈಲಿನಲ್ಲಿ, ಫೈಲು ಕೈಚೀಲದಲ್ಲಿ, ಕೈಚೀಲ ತಲೆಯ ಮೇಲಿನ ಶೆಲ್ಫಿನಲ್ಲಿ. ಅದೇ ಚೀಲದಲ್ಲಿ ಮಗಳಿಗೆ ತೆಗೆದ ಎರಡು ರೇಷ್ಮೆ ಸೀರೆ, ಹುಟ್ಟುವ ಮಗುವಿಗೆ ಅಂತ ಮಾಡಿಸಿದ ಬೆಳ್ಳಿಯ ಗೆಜ್ಜೆ ಮತ್ತು ಒಂದು ಚಿಕ್ಕ ಬೆಳ್ಳಿ ಬಟ್ಟಲು.

ಊಟಕ್ಕೆ ಅಂತ ಬಸ್ ಒಂದು ಕಡೆ ನಿಂತಿತು, ಆಮೇಲೆ ಹಾಸನದಲ್ಲಿ ಕೆಲವರು ಇಳಿದರು. ಶಿರಾಡಿ ಘಾಟಿ ಇಳಿಯುವಾಗ ಜೋರು ಮಳೆ, ಅಕ್ಕನಿಗೆ ನಿದ್ದೆ. ಬೆಳಿಗ್ಗೆ ಮಂಗಳೂರಿನಲ್ಲಿ ಎಚ್ಚರವಾಗಿ ಕೈ ಎತ್ತಿ ತಡಕಿದರೆ ಚೀಲ ಇಲ್ಲ.

ಅವಳು ನನಗೆ ಫೋನ್ ಮಾಡಿದಾಗ ಸೀರೆ ಹೋಯಿತು, ಗೆಜ್ಜೆ ಹೋಯಿತು ಅಂತಲೇ ಅತ್ತಳು. ಪಾಸ್‌ಪೋರ್ಟ್ ಉಂಟಾ ಅಂತ ಕೇಳಿದೆ. ಉಂಟು, ಪರ್ಸಿನಲ್ಲಿ ಉಂಟು ಅಂದಳು. ದೇವರು ದೊಡ್ಡವನು ಅಂತ ಇಬ್ಬರೂ ಸಮಾಧಾನ ಮಾಡಿಕೊಂಡೆವು. ವೀಸಾದ ನೆನಪು ಇಬ್ಬರಿಗೂ ಬರಲಿಲ್ಲ. ಮಧ್ಯಾಹ್ನ ಅಮೆರಿಕದಿಂದ ಮಗಳು ಫೋನ್ ಮಾಡಿ, "ಮಾವಾ, ಹಳೆ ಪಾಸ್‌ಪೋರ್ಟ್ ಎಲ್ಲಿತ್ತು?" ಅಂತ ಕೇಳಿದ ಮೇಲೆಯೇ ನನ್ನ ಎದೆ ಧಸಕ್ಕೆಂದದ್ದು.

ಆ ಮಧ್ಯಾಹ್ನವೇ ಮಂಗಳೂರಿಗೆ ಹೋಗಿ ಅಕ್ಕನನ್ನು ಕರೆದುಕೊಂಡು ಒಂದು ಠಾಣೆಗೆ ಹೋದೆ. ಠಾಣೆಯ ಹೆಸರು ಬರೆಯುವುದಿಲ್ಲ, ಯಾರ ಮೇಲೂ ದೂರು ಹೇಳುವುದು ನನ್ನ ಉದ್ದೇಶ ಅಲ್ಲ. ಅಲ್ಲಿದ್ದವರು ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದ್ದು: "ಇದು ಎಲ್ಲಿ ಆದದ್ದು ಅಂತ ನಿಮಗೇ ಗೊತ್ತಿಲ್ಲ ಅಲ್ವಾ? ಹಾಸನವೋ ಸಕಲೇಶಪುರವೋ, ಅಲ್ಲಿಯೇ ಕೊಡಬೇಕು ಮಾರಾಯ್ರೆ, ನಮ್ಮ ಲಿಮಿಟ್ಸಿಗೆ ಬರುವುದಿಲ್ಲ." 61 ವರ್ಷದ ಹೆಂಗಸು ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಮತ್ತೆ ಘಾಟಿ ಹತ್ತಿ ಹಾಸನಕ್ಕೆ ಹೋಗಬೇಕು. ಹೋದರೆ ಅವರೇನು ಹೇಳುತ್ತಾರೆ? ಬಸ್ ಹೊರಟದ್ದು ಬೆಂಗಳೂರಿನಿಂದ, ಚೀಲ ಇಲ್ಲ ಅಂತ ಗೊತ್ತಾದದ್ದು ಮಂಗಳೂರಿನಲ್ಲಿ, ನಮ್ಮಲ್ಲಿಗೆ ಯಾಕೆ ಬಂದಿರಿ ಅಂತ ಕೇಳುವುದಿಲ್ವಾ?

ಎರಡನೆಯ ಮಾತು ಇನ್ನೂ ನೋವು ಕೊಟ್ಟಿತು. ಕಂಪ್ಲೇಂಟಿನಲ್ಲಿ ಹಳೆ ಪಾಸ್‌ಪೋರ್ಟ್ ಅಂತ ಬರೆದದ್ದು ನೋಡಿ, "ಇದು ಕ್ಯಾನ್ಸಲ್ ಆದ ಪಾಸ್‌ಪೋರ್ಟ್ ಅಲ್ವಾ, ಹೊಸದು ಕೈಯಲ್ಲೇ ಉಂಟಲ್ಲ, ಇದಕ್ಕೆ ಯಾಕೆ ಕಂಪ್ಲೇಂಟ್?" ಅಂದರು. ಅದರೊಳಗೆ ವೀಸಾ ಇದೆ ಅಂತ ಹೇಳಿದರೆ ನಂಬಲಿಲ್ಲ. ರದ್ದಾದ ಪುಸ್ತಕದಲ್ಲಿ ನಡೆಯುವ ವೀಸಾ ಇರುತ್ತದೆ ಅಂದರೆ ಕೇಳಿದವರಿಗೆ ಹಾಗೆಯೇ ಅನಿಸುವುದು, ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಅವರು ಕೊನೆಗೆ ಒಂದು ದಾರಿ ಹೇಳಿದರು: "ಕಳವು ಅಂತ ಬೇಡ, ಕಳೆದುಹೋಗಿದೆ ಅಂತ ಬರೆದುಕೊಡಿ, ಈಗಲೇ ಒಂದು ಹಿಂಬರಹ ಕೊಡುತ್ತೇವೆ." ಹಿಂಬರಹ ಅಂದರೆ ದೂರು ಬಂದಿದೆ ಅಂತ ಠಾಣೆಯವರು ಬರೆದುಕೊಡುವ ಕಾಗದ. ಸುಲಭದ ದಾರಿ. ನಾನು ಒಪ್ಪಿಯೇಬಿಟ್ಟಿದ್ದೆ. ಪೆನ್ನು ಕೈಯಲ್ಲಿತ್ತು.

ಆಗ ಅಕ್ಕ ತಡೆದಳು. "ನಾನು ಎಲ್ಲಿಯೂ ಬಿಟ್ಟು ಬಂದದ್ದಲ್ಲ, ಕದ್ದದ್ದು. ಸುಳ್ಳು ಯಾಕೆ ಬರೆಯುವುದು?" ಅಂದಳು. ಅವಳ ಆ ಹಟ ನಮ್ಮನ್ನು ಮುಂದೆ ಎಷ್ಟು ಕಾಪಾಡಿತು ಅಂತ ಆಮೇಲೆ ಗೊತ್ತಾಯಿತು.

ಯಾಕೆ ಅಂತ ಹೇಳುತ್ತೇನೆ. ಅಮೆರಿಕದ ವೀಸಾ ಅರ್ಜಿ ಇದೆಯಲ್ಲ, ಡಿಎಸ್-160 ಅನ್ನುವ ಆನ್‌ಲೈನ್ ಫಾರಂ, ಅದರಲ್ಲಿ ನೇರವಾಗಿ ಒಂದು ಪ್ರಶ್ನೆ ಉಂಟು: ನಿಮ್ಮ ಅಮೆರಿಕದ ವೀಸಾ ಯಾವತ್ತಾದರೂ ಕಳೆದುಹೋಗಿದೆಯಾ, ಕಳವಾಗಿದೆಯಾ? ಹೌದು ಅಂದರೆ ಯಾವ ವರ್ಷ, ಹೇಗೆ ಅಂತ ವಿವರ ಬರೆಯಬೇಕು. ಪಾಸ್‌ಪೋರ್ಟ್ ಬಗ್ಗೆಯೂ ಇಂಥದ್ದೇ ಬೇರೆ ಪ್ರಶ್ನೆ ಇದೆ. ಅಲ್ಲಿ ಕಳವು ಅಂತ ಬರೆದು, ಕೈಯಲ್ಲಿರುವ ಪೊಲೀಸ್ ಕಾಗದದಲ್ಲಿ ಕಳೆದುಹೋಗಿದೆ ಅಂತ ಇದ್ದರೆ ಸಂದರ್ಶನದ ಕಿಟಕಿಯ ಮುಂದೆ ನಿಂತು ಏನು ಹೇಳುವುದು? ಕದ್ದದ್ದಕ್ಕೂ ಕಳೆದುಕೊಂಡದ್ದಕ್ಕೂ ಠಾಣೆಯಲ್ಲಿ ಒಂದೇ ಕಾಗದ ಅಲ್ಲ. ಕಳೆದುಹೋದರೆ ಹಿಂಬರಹ ಸಾಕಾಗಬಹುದು. ಕಳವಾದರೆ ಎಫ್‌ಐಆರ್ ಕೇಳಿ.

ಮಾರನೆಯ ದಿನ ನಮ್ಮ ಪಕ್ಕದ ಮನೆಯ ಹುಡುಗಿ, ಕಾನೂನು ಓದುವವಳು, ಒಂದು ಪುಟ ಪ್ರಿಂಟ್ ತೆಗೆದುಕೊಟ್ಟಳು. 2024ರ ಜುಲೈ 1ರಿಂದ ಪೊಲೀಸರು ಕೇಸು ನಡೆಸುವ ಕ್ರಮ ಹೇಳುವ ಹಳೆ ಕಾನೂನು ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 173ನೇ ಕಲಂ ಪ್ರಕಾರ ಪೊಲೀಸರು ನೇರವಾಗಿ ಕೇಸು ಹಾಕಬಹುದಾದ ಅಪರಾಧ ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ಕೊಡಬಹುದು. ಜನ ಇದನ್ನು ಜೀರೋ ಎಫ್‌ಐಆರ್ ಅಂತ ಕರೆಯುತ್ತಾರೆ. ಇಲ್ಲಿ ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಅವರೇ ಕಳಿಸುತ್ತಾರೆ. ಎಲೆಕ್ಟ್ರಾನಿಕ್ ಆಗಿಯೂ ಕೊಡಬಹುದು, ಹಾಗೆ ಕೊಟ್ಟರೆ 3 ದಿನದ ಒಳಗೆ ಹೋಗಿ ಸಹಿ ಹಾಕಬೇಕು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ಆದರೆ ಹೊಸ ಕಾನೂನಿನಲ್ಲಿ 5 ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳವು ಈ ಸಾಲಿಗೆ ಬರುವುದಿಲ್ಲ, ಬಸ್ಸು, ರೈಲಿನೊಳಗಿನ ಕಳವಿಗೆ ಬೇರೆ ಕಲಂ ಉಂಟು. ಏನೇ ಆದರೂ ಚೀಲದಲ್ಲಿ ಇದ್ದದ್ದನ್ನೆಲ್ಲ, ಸೀರೆ, ಬೆಳ್ಳಿ, ಬೆಲೆ ಸಮೇತ ಬರೆಯಬೇಕು. ನಾವು ಮೊದಲ ದಿನ ಗಾಬರಿಯಲ್ಲಿ ಬೆಳ್ಳಿಯನ್ನು ಬರೆದೇ ಇರಲಿಲ್ಲ.

ಆ ಪ್ರಿಂಟ್ ಹಿಡಿದು ಅದೇ ಠಾಣೆಗೆ ಹೋದೆವು. ಅವತ್ತು ಡ್ಯೂಟಿಯಲ್ಲಿದ್ದ ಒಬ್ಬರು ಮಹಿಳಾ ಅಧಿಕಾರಿ ಐದು ನಿಮಿಷ ಓದಿ, ಬೇರೆ ಮಾತಿಲ್ಲದೆ ಬರೆದುಕೊಂಡರು. ವೀಸಾ ಅಂತ ಪ್ರತ್ಯೇಕ ಸಾಲು ಹಾಕಿ, ಅದರ ನಂಬರ್ ಕೊಡಿ ಅಂದರು. ಅವರಿಗೆ ನಾನು ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ.

ಆದರೆ ನಂಬರ್ ಎಲ್ಲಿದೆ?

ನಾವೆಲ್ಲ ಪಾಸ್‌ಪೋರ್ಟ್ ಜೆರಾಕ್ಸ್ ಮಾಡಿಸುವಾಗ ಮೊದಲ ಪುಟ, ಕೊನೆಯ ಪುಟ ಅಷ್ಟೇ ಮಾಡಿಸುವುದು. ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರದ ಯಾವ ಜೆರಾಕ್ಸ್ ಅಂಗಡಿಗೆ ಹೋದರೂ, ಪಾಸ್‌ಪೋರ್ಟ್ ಕೊಟ್ಟ ಕೂಡಲೇ ಅವರೇ ಆ ಎರಡು ಪುಟ ಬಿಡಿಸಿ ಇಡುತ್ತಾರೆ. ನಡುವಿನ ವೀಸಾ ಪುಟ ಯಾರಿಗೂ ನೆನಪಿಲ್ಲ. ನಮ್ಮ ಮನೆಯ ಕಪಾಟಿನಲ್ಲಿ ಅಕ್ಕನ ಪಾಸ್‌ಪೋರ್ಟಿನ ಜೆರಾಕ್ಸ್ ಆರು ಸೆಟ್ ಸಿಕ್ಕಿತು, ಒಂದರಲ್ಲೂ ವೀಸಾ ಇಲ್ಲ. ಅಮೆರಿಕದ ವೀಸಾದ ಕೆಳಗೆ ಬಲಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ಒಂದು ನಂಬರ್ ಇರುತ್ತದೆ. ಅದೇ ವೀಸಾ ನಂಬರ್. ಕೊನೆಗೆ ಮಗಳು ತನ್ನ ಹಳೆ ಇ-ಮೇಲ್‌ಗಳನ್ನು ಜಾಲಾಡಿ, 2019ರಲ್ಲಿ ಟಿಕೆಟ್ ಮಾಡಿಸಲು ಕಳಿಸಿದ್ದ ಒಂದು ಫೋಟೋ ಹುಡುಕಿ ತೆಗೆದಳು. ಟ್ಯೂಬ್‌ಲೈಟಿನ ಬೆಳಕು ಬಿದ್ದು ಆ ಮೂಲೆ ಬೆಳ್ಳಗಾಗಿತ್ತು. ಕೊನೆಯ ಅಂಕಿ 3 ಅಂತಲೋ 8 ಅಂತಲೋ ಗೊತ್ತಾಗುತ್ತಿರಲಿಲ್ಲ. ಅಕ್ಕ ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು, ನಾನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ. ಎರಡು ದಿನ ಆದ ಮೇಲೆ ಅಳಿಯನ ಹಳೆ ಫೋನಿನಲ್ಲಿ ಇನ್ನೊಂದು ಫೋಟೋ ಸಿಕ್ಕಿತು. 8.

ಹಾಗಾಗಿ ಈ ಪತ್ರ ಓದುತ್ತಿರುವವರು, ಮನೆಯಲ್ಲಿ ಯಾರದ್ದಾದರೂ ವೀಸಾ ಇದ್ದರೆ, ಪೇಪರ್ ಕೆಳಗಿಟ್ಟು ಈಗಲೇ ಹೋಗಿ ಆ ಪುಟದ ಫೋಟೋ ತೆಗೆಯಿರಿ. ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕ, ಫ್ಲ್ಯಾಶ್ ಹಾಕದೆ. ನಾಲ್ಕು ಮೂಲೆಯೂ ಬರಬೇಕು. ನಿಮ್ಮ ಫೋನಿನಲ್ಲಿ ಮಾತ್ರ ಇಟ್ಟರೆ ಸಾಲದು, ಫೋನೂ ಅದೇ ಚೀಲದಲ್ಲಿ ಹೋಗಬಹುದು. ಮಕ್ಕಳಿಗೆ ಕಳಿಸಿ, ನಿಮಗೆ ನೀವೇ ಒಂದು ಇ-ಮೇಲ್ ಮಾಡಿಕೊಳ್ಳಿ.

ಎಫ್‌ಐಆರ್ ಆದ ಮೇಲೆ ಚೆನ್ನೈನ ಅಮೆರಿಕ ಕಾನ್ಸುಲೇಟಿಗೆ ಇ-ಮೇಲ್ ಮಾಡಿ ತಿಳಿಸಿದೆವು. ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ವೀಸಾದ ಫೋಟೋ, ಕಳವಾದ ವಿವರ, ಎಫ್‌ಐಆರ್ ಪ್ರತಿ. ಇದನ್ನು ಬೇಗ ಮಾಡಬೇಕು, ಯಾಕೆಂದರೆ ಬೇರೆಯವರ ಕೈಗೆ ಸಿಕ್ಕಿದ ವೀಸಾ ಯಾವ ಕೆಲಸಕ್ಕೆ ಬಳಕೆಯಾಗುತ್ತದೋ ಹೇಳಲಿಕ್ಕಾಗದು. ಒಮ್ಮೆ ತಿಳಿಸಿದ ಮೇಲೆ ಆ ವೀಸಾ ಅಲ್ಲಿಗೆ ಮುಗಿಯಿತು.

ಡೂಪ್ಲಿಕೇಟ್ ಕೊಡುವುದಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಆರ್‌ಸಿ ಕಳೆದರೆ ಡೂಪ್ಲಿಕೇಟ್ ಸಿಗುತ್ತದೆ, ಮಾರ್ಕ್ಸ್ ಕಾರ್ಡಿಗೂ ಸಿಗುತ್ತದೆ. ಅಮೆರಿಕದ ವೀಸಾಕ್ಕೆ ಡೂಪ್ಲಿಕೇಟ್ ಅನ್ನುವುದೇ ಇಲ್ಲ. ಮೊದಲಿನಿಂದ ಅರ್ಜಿ, ಮೊದಲಿನಿಂದ ಫೀ, ಅಕ್ಕನಿಗೆ ಮತ್ತೆ ಸಂದರ್ಶನ. ವಿಸಿಟರ್ ವೀಸಾ ಅರ್ಜಿಯ ಫೀ 185 ಡಾಲರ್, ನಮ್ಮ ಲೆಕ್ಕದಲ್ಲಿ 15 ಸಾವಿರ ರೂಪಾಯಿ ದಾಟುತ್ತದೆ. ಇಷ್ಟು ಗೊತ್ತಿಲ್ಲದ ಕಾರಣಕ್ಕೆ ಏಜೆಂಟರ ಮಾತಿಗೆ ಬೀಳುವವರಿದ್ದಾರೆ. ನಮಗೇ ಒಬ್ಬರು, 40 ಸಾವಿರ ಕೊಟ್ಟರೆ ಒಳಗಿಂದ ಡೂಪ್ಲಿಕೇಟ್ ಮಾಡಿಸಿಕೊಡುತ್ತೇನೆ ಅಂದರು. ಒಳಗೂ ಇಲ್ಲ ಹೊರಗೂ ಇಲ್ಲ. ಹಾಗೆ ಹೇಳುವವರ ಹತ್ತಿರ ಹೋಗಲೇಬೇಡಿ.

ಹೆರಿಗೆ ಹತ್ತಿರ ಇದೆ, ತುರ್ತು ಅಪಾಯಿಂಟ್‌ಮೆಂಟ್ ಕೊಡಿ ಅಂತ ಕೇಳಬಹುದಲ್ಲ ಅಂತ ನಾವೂ ನಂಬಿದ್ದೆವು. ಅವರ ವೆಬ್‌ಸೈಟಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಸಾವು, ಗಂಭೀರ ಕಾಯಿಲೆ ಇಂಥದ್ದಕ್ಕೆ ತುರ್ತು ದಿನ ಕೇಳಬಹುದು, ಮದುವೆಗೆ, ಪದವಿ ಸಮಾರಂಭಕ್ಕೆ, ಬಸುರಿ ಸಂಬಂಧಿಕರ ಆರೈಕೆಗೆ ಕೇಳುವಂತಿಲ್ಲ. ಆ ಸಾಲನ್ನು ನಾನು ಅಕ್ಕನಿಗೆ ಓದಿ ಹೇಳಲಿಕ್ಕೆ ಎರಡು ದಿನ ತೆಗೆದುಕೊಂಡೆ. ಅವರ ನಿಯಮ ಅವರಿಗೆ. ಆದರೆ ನಮ್ಮ ಕಡೆ ಮಗಳ ಬಾಣಂತನ ಅಂದರೆ ತಾಯಿಗೆ ಏನು ಅಂತ ನಿಮಗೆ ಹೇಳಬೇಕಾ? ಸಿಕ್ಕಿದ್ದು ಡಿಸೆಂಬರ್ ತಿಂಗಳ ದಿನ.

ಮಗು ಹುಟ್ಟಿದ್ದು ನವರಾತ್ರಿಯಲ್ಲಿಯೇ. ಅಕ್ಕ ಮಾಡಿಟ್ಟಿದ್ದ ಬಾಣಂತಿ ಲೇಹದ ಡಬ್ಬಿಯನ್ನು ಅಲ್ಲಿಗೆ ಹೋಗುವ ಪರಿಚಯದವರ ಕೈಯಲ್ಲಿ ಕಳಿಸಿದೆವು. ಮೊದಲ ಬಾರಿ ಮಗುವಿಗೆ ಸ್ನಾನ ಮಾಡಿಸುವಾಗ ಮಗಳು ಫೋನನ್ನು ಬಾತ್‌ರೂಮಿನ ಕಿಟಕಿಯಲ್ಲಿ ನಿಲ್ಲಿಸಿದ್ದಳು, ಅಕ್ಕ ಇಲ್ಲಿ ಕೂತು "ಕುತ್ತಿಗೆ ಹಿಡಿ, ಕುತ್ತಿಗೆಯ ಹಿಂದೆ ಕೈ ಕೊಡು" ಅಂತ ಹೇಳುತ್ತಿದ್ದಳು. ಇಲ್ಲಿ ರಾತ್ರಿ ಹತ್ತೂವರೆ ಗಂಟೆ. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ನವೆಂಬರ್‌ನಲ್ಲಿ ಒಂದು ದಿನ ಅಂಚೆಯವರು ದಪ್ಪ ಲಕೋಟೆ ತಂದುಕೊಟ್ಟರು. ಒಳಗೆ ಅಕ್ಕನ ಹಳೆ ಪಾಸ್‌ಪೋರ್ಟ್! ಶಿರಾಡಿ ಘಾಟಿಯ ಕೆಳಗಿನ ಗುಂಡ್ಯದ ಹತ್ತಿರ ರಸ್ತೆ ಬದಿಯ ಚರಂಡಿ ಬಿಡಿಸುವಾಗ ಚೀಲ ಸಿಕ್ಕಿತಂತೆ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿದ್ದ ವಿಳಾಸ ನೋಡಿ, ಒಬ್ಬ ಕೆಲಸಗಾರರು ತಮ್ಮ ಖರ್ಚಿನಲ್ಲಿ ಕಳಿಸಿದ್ದರು. ಅವರ ಪುಣ್ಯ ದೊಡ್ಡದು. ಸೀರೆ, ಬೆಳ್ಳಿ ಯಾವುದೂ ಇರಲಿಲ್ಲ. ಪುಟಗಳು ನೀರು ಕುಡಿದು ಉಬ್ಬಿ, ಒಣಗಿ ಹಪ್ಪಳದ ಹಾಗೆ ಆಗಿದ್ದವು. ವೀಸಾ ಪುಟ ಮಾತ್ರ ಚೆನ್ನಾಗಿಯೇ ಇತ್ತು. ಅಕ್ಕನ ಫೋಟೋ, ಕೆಳಗೆ ಕೆಂಪು ನಂಬರ್, 2029ನೇ ಇಸವಿ, ಎಲ್ಲ ಸರಿ.

ಮನೆಗೆ ಬಂದ ನೆಂಟರೆಲ್ಲ ಒಂದೇ ಮಾತು: ಇದು ಸಿಕ್ಕಿತಲ್ಲ, ಇದನ್ನೇ ತೆಗೆದುಕೊಂಡು ನಾಳೆಯೇ ಹೊರಡಬಾರದಾ, ಯಾರಿಗೆ ಗೊತ್ತಾಗುತ್ತದೆ? ಮಗುವಿಗೆ ಆಗ ಒಂದೂವರೆ ತಿಂಗಳು. ಅಕ್ಕ ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ಸುಮ್ನೆ ಕೂತಿದ್ದಳು. ನನಗೂ ಒಂದು ಕ್ಷಣ ಆಸೆ ಆದದ್ದು ನಿಜ. ಆದರೆ ಕಳವಾಗಿದೆ ಅಂತ ಒಮ್ಮೆ ತಿಳಿಸಿದ ವೀಸಾ ಮತ್ತೆ ಸಿಕ್ಕಿದರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ. ಅದು ಅವರ ಕಂಪ್ಯೂಟರಿನಲ್ಲಿ ರದ್ದಾಗಿರುತ್ತದೆ. ಹಾಗೆ ಹೋಗಿದ್ದರೆ ಏರ್‌ಪೋರ್ಟಿನಲ್ಲಿಯೇ ತಡೆಯುತ್ತಿದ್ದರು, ಇಲ್ಲವೇ ಅಷ್ಟು ದೂರ ಹೋಗಿ ವಾಪಸ್ ಬರಬೇಕಿತ್ತು. ಕಳೆದ ಪಾಸ್‌ಪೋರ್ಟಿಗೂ ಇದೇ ಮಾತು. ಕಳೆದುಹೋಗಿದೆ ಅಂತ ಹೇಳಿ ಹೊಸದು ಮಾಡಿಸಿದ ಮೇಲೆ ಹಳೆಯದು ಕಪಾಟಿನ ಹಿಂದೆ ಸಿಕ್ಕಿದರೆ ಅದನ್ನು ಬಳಸಬಾರದು, ಪಾಸ್‌ಪೋರ್ಟ್ ಕಚೇರಿಗೆ ಒಪ್ಪಿಸಬೇಕು.

ಹಾಗಾಗಿ ಯಾರಿಗಾದರೂ ಪಾಸ್‌ಪೋರ್ಟ್ ಕಾಣದಿದ್ದರೆ ಮೊದಲು ಮನೆಯನ್ನು ಸರಿಯಾಗಿ ಹುಡುಕಿ. ಕಳವಾದದ್ದು ಖಾತ್ರಿ ಆದರೆ ಒಂದು ದಿನವೂ ಕಾಯಬೇಡಿ. ಎಲ್ಲಿಟ್ಟೆ ಅಂತ ನೆನಪಾಗದೆ ಇದ್ದರೆ ಎರಡು ದಿನ ಹುಡುಕಿ, ಆಮೇಲೆ ಠಾಣೆಗೆ ಹೋಗಿ. ನಡೆಯುವ ಪಾಸ್‌ಪೋರ್ಟೇ ಕಳೆದಿದ್ದರೆ ಖರ್ಚೂ ಹೆಚ್ಚು. ಅವಧಿ ಮುಗಿದು ಮಾಡಿಸುವಾಗ 36 ಪುಟದ್ದಕ್ಕೆ 1500 ರೂಪಾಯಿ ಆದರೆ, ಕಳೆದುಕೊಂಡು ಮಾಡಿಸುವಾಗ 3000. ಪೊಲೀಸ್ ವರದಿಯ ಜೊತೆಗೆ ಹೇಗೆ, ಎಲ್ಲಿ ಕಳೆಯಿತು ಅಂತ ಬರೆದುಕೊಡುವ ಹೇಳಿಕೆಯೂ ಬೇಕು.

ಡಿಸೆಂಬರ್‌ನಲ್ಲಿ ಮಂಗಳೂರು ಸೆಂಟ್ರಲ್‌ನಿಂದ ಚೆನ್ನೈ ಮೇಲ್ ರೈಲು ಹತ್ತಿ ಹೋದೆವು. ಒಂದು ದಿನ ಬೆರಳಚ್ಚು, ಮಾರನೆಯ ದಿನ ಜೆಮಿನಿ ಮೇಲ್ಸೇತುವೆ ಪಕ್ಕದ ಕಾನ್ಸುಲೇಟಿನಲ್ಲಿ ಸಂದರ್ಶನ. ನನಗೆ ಒಳಗೆ ಬಿಡುವುದಿಲ್ಲ, ಅಕ್ಕ ಒಬ್ಬಳೇ ಹೋಗಬೇಕು, ಕೈಯಲ್ಲಿ ಫೋನೂ ಇಲ್ಲ. ಎಫ್‌ಐಆರ್ ಕನ್ನಡದಲ್ಲಿತ್ತು, ಅದನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿ ಹಾಕಿಸಿದ್ದೆವು. ವಾಪಸ್ ಸಿಕ್ಕಿದ ಹಳೆ ಪಾಸ್‌ಪೋರ್ಟನ್ನೂ ಅಕ್ಕ ತೆಗೆದುಕೊಂಡು ಹೋಗಿದ್ದಳು, ಮುಚ್ಚಿಡುವುದು ಬೇಡ ಅಂತ. ಅಧಿಕಾರಿ ಎಫ್‌ಐಆರ್ ತಿರುಗಿಸಿ ನೋಡಿ, ಎಲ್ಲಿ ಕಳವಾಯಿತು, ಮತ್ತೆ ಹೇಗೆ ಸಿಕ್ಕಿತು ಅಂತ ಕೇಳಿದರಂತೆ. ಅಕ್ಕ ಬಸ್ಸು, ಮಳೆ, ಗುಂಡ್ಯ, ಚರಂಡಿ ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿದಳಂತೆ. ಅರ್ಜಿಯಲ್ಲಿಯೂ ಅದೇ, ಎಫ್‌ಐಆರ್‌ನಲ್ಲಿಯೂ ಅದೇ, ಬಾಯಲ್ಲಿಯೂ ಅದೇ. ವೀಸಾ ಸಿಕ್ಕಿತು. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಅಕ್ಕ ಹೊರಟಳು.

ಎಲ್ಲ ದೇಶದ ವೀಸಾವೂ ಹೀಗೆ ಅಂತ ತಿಳಿಯಬೇಡಿ, ಈಗ ತುಂಬ ಬದಲಾಗಿದೆ. ಯುಎಇಯಲ್ಲಿ 2022ರ ಏಪ್ರಿಲ್‌ನಿಂದ ರೆಸಿಡೆನ್ಸ್ ವೀಸಾವನ್ನು ಪಾಸ್‌ಪೋರ್ಟಿಗೆ ಅಂಟಿಸುವುದನ್ನೇ ನಿಲ್ಲಿಸಿದ್ದಾರೆ, ಅಲ್ಲಿನ ಗುರುತಿನ ಚೀಟಿ ಎಮಿರೇಟ್ಸ್ ಐಡಿಯೇ ಆಧಾರ. ಕುವೈತ್‌ನಲ್ಲಿ ಅದಕ್ಕಿಂತ ಮೊದಲೇ ಹೋಗಿದೆ. ಸೌದಿಯವರು 2023ರಲ್ಲಿ ಭಾರತದವರಿಗೆ ಸ್ಟಿಕ್ಕರ್ ಬದಲು ಕ್ಯೂಆರ್ ಕೋಡ್ ಇರುವ ಕಾಗದ ಕೊಡಲು ಶುರು ಮಾಡಿದರು. ಇಂಗ್ಲೆಂಡಿಗೆ ಓದಲು ಹೋದ ಮಕ್ಕಳ ಕೈಯಲ್ಲಿದ್ದ, ಅಲ್ಲಿ ಇರಲು ಪರವಾನಗಿ ಇದೆ ಅಂತ ತೋರಿಸುವ ಬಿಆರ್‌ಪಿ ಕಾರ್ಡುಗಳ ಕಾಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು, ಈಗ ಇ-ವೀಸಾ. ಅಲ್ಲಿ ಪಾಸ್‌ಪೋರ್ಟ್ ಕಳೆದರೆ ವೀಸಾ ಹೋಗುವುದಿಲ್ಲ, ಆದರೆ ಹೊಸ ಪಾಸ್‌ಪೋರ್ಟ್ ನಂಬರನ್ನು ಆ ಆನ್‌ಲೈನ್ ಖಾತೆಯಲ್ಲಿ ಸೇರಿಸಲೇಬೇಕು, ಇಲ್ಲದಿದ್ದರೆ ವಿಮಾನ ಹತ್ತುವಾಗ ತೊಂದರೆ.

ಇನ್ನು ಹೊರದೇಶದಲ್ಲಿ ಇರುವಾಗ ಪಾಸ್‌ಪೋರ್ಟ್ ಹೋದರೆ ಮೊದಲು ಅಲ್ಲಿನ ಪೊಲೀಸ್, ಆಮೇಲೆ ನಮ್ಮ ರಾಯಭಾರ ಕಚೇರಿ. ಕೂಡಲೇ ಊರಿಗೆ ಬರಬೇಕಾದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ, ಗಲ್ಫ್‌ನವರು ಔಟ್‌ಪಾಸ್ ಅನ್ನುವುದು ಇದನ್ನೇ. ಅದು ಭಾರತಕ್ಕೆ ಬರಲಿಕ್ಕೆ ಮಾತ್ರ, ಒಂದೇ ಸಲಕ್ಕೆ. ಅದನ್ನು ಹಿಡಿದು ವಾಪಸ್ ಕೆಲಸಕ್ಕೆ ಹೋಗಲಾಗದು. ಕಟಪಾಡಿಯ ಒಬ್ಬ ಹುಡುಗ ತಂದೆಗೆ ಹುಷಾರಿಲ್ಲ ಅಂತ ಔಟ್‌ಪಾಸ್‌ನಲ್ಲಿ ಓಡಿ ಬಂದು, ಆಮೇಲೆ ಹೊಸ ಪಾಸ್‌ಪೋರ್ಟ್ ಆಗುವವರೆಗೆ ಇಲ್ಲೇ ಉಳಿದು, ಕೆಲಸ ಹೋಗುತ್ತದೋ ಅಂತ ದಿನ ಎಣಿಸಿದ್ದನ್ನು ನಾನೇ ನೋಡಿದ್ದೇನೆ. ಮಣಿಪಾಲದಲ್ಲಿ ಓದುವ ಹೊರದೇಶದ ಮಕ್ಕಳಿಗೂ ಇದು ಬರಬಹುದು. ಅವರು ಇಲ್ಲಿನ ಠಾಣೆಯಲ್ಲಿ ದೂರು ಕೊಟ್ಟು, ತಮ್ಮ ದೇಶದ ರಾಯಭಾರ ಕಚೇರಿಯಿಂದ ಹೊಸ ಪಾಸ್‌ಪೋರ್ಟ್ ಪಡೆದು, ಭಾರತದ ವೀಸಾವನ್ನು ಅದಕ್ಕೆ ವರ್ಗಾಯಿಸಲು ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಅವರಿಗೆ ಬಾಡಿಗೆಗೆ ಮನೆ ಕೊಟ್ಟವರು ಇಷ್ಟು ಹೇಳಿಕೊಟ್ಟರೆ ದೊಡ್ಡ ಉಪಕಾರ.

ನಮ್ಮ ಎರಡು ಜಿಲ್ಲೆಯ ಪೊಲೀಸ್ ವರಿಷ್ಠರಲ್ಲಿ ನನ್ನ ವಿನಂತಿ ಇಷ್ಟೇ. ರಾತ್ರಿ ಬಸ್ಸಿನಲ್ಲಿ, ರೈಲಿನಲ್ಲಿ ಕಳವಾದವರು ಎಲ್ಲಿ ಕಳವಾಯಿತು ಅಂತ ಹೇಳಲಾರರು. ಅವರು ಬೆಳಿಗ್ಗೆ ಇಳಿಯುವುದು ಮಂಗಳೂರಿನ ಕಂಕನಾಡಿಯಲ್ಲಿ, ಜ್ಯೋತಿಯಲ್ಲಿ, ಉಡುಪಿಯಲ್ಲಿ. ಲಿಮಿಟ್ಸ್ ಅಂತ ಹೇಳಿ ಅವರನ್ನು ಘಾಟಿ ಹತ್ತಿಸಬೇಡಿ ಅಂತ ಪ್ರತಿ ಠಾಣೆಗೂ ಒಂದು ಸುತ್ತೋಲೆ ಕಳಿಸಿ. ಹಳೆ ಪಾಸ್‌ಪೋರ್ಟ್ ಅಂದ ಕೂಡಲೇ ಬದಿಗೆ ಸರಿಸದೆ, ಒಳಗೆ ವೀಸಾ ಉಂಟಾ ಅಂತ ಒಂದು ಮಾತು ಕೇಳಲಿ.

ಪಾಸ್‌ಪೋರ್ಟ್ ಸೇವಾ ಕೇಂದ್ರದವರಲ್ಲಿ ಇನ್ನೊಂದು ವಿನಂತಿ. ಮೂಲೆ ಕತ್ತರಿಸಿ ಹಳೆಯದನ್ನು ವಾಪಸ್ ಕೊಡುತ್ತೀರಲ್ಲ, ಆಗ ಅದರ ಜೊತೆ ಕನ್ನಡದಲ್ಲಿ ಒಂದು ಚಿಕ್ಕ ಚೀಟಿ ಕೊಡಿ. "ಇದರಲ್ಲಿ ಅವಧಿ ಇರುವ ವೀಸಾ ಇದ್ದರೆ ಜೋಪಾನವಾಗಿ ಇಡಿ, ಆ ಪುಟದ ಫೋಟೋ ತೆಗೆದಿಡಿ. ಕಳೆದರೆ ಪೊಲೀಸರಿಗೂ ಆ ದೇಶದ ಕಚೇರಿಗೂ ಕೂಡಲೇ ತಿಳಿಸಿ." ಇಷ್ಟೇ ಸಾಕು. ಪ್ರಿಂಟ್ ಮಾಡಿಸಲು ಹಣ ಇಲ್ಲ ಅಂತಾದರೆ ಮೊದಲ ಸಾವಿರ ಚೀಟಿಯ ಖರ್ಚು ನಾನು ಕೊಡುತ್ತೇನೆ, ಅಕ್ಕನೂ ಅರ್ಧ ಹಾಕುತ್ತೇನೆ ಅಂದಿದ್ದಾಳೆ.

ಇಂತಿ,
ಒಬ್ಬ ಓದುಗ
ಅಂಬಲಪಾಡಿ, ಉಡುಪಿ